ಶಾಲೆಯ ಮಾಡಿನ ಮಳೆ

ಪಾವಗಡ, ಮುಳಬಾಗಿಲು ಮೊದಲಾದ ಬಯಲುಸೀಮೆಯ ತಾಲ್ಲೂಕುಗಳ ಕೆಲವು ಹಳ್ಳಿಗಳಲ್ಲಿ ಎಳೆಯ ಮಕ್ಕಳ ಹಲ್ಲುಗಳ ಮೇಲೆ ಕಂದು ಬಣ್ಣದ ಗೆರೆಗಳು ಕಾಣಿಸಿಕೊಳ್ಳುವುದುಂಟು. ಎಷ್ಟು ಉಜ್ಜಿದರೂ ಅವು ಹೋಗುವುದಿಲ್ಲ. ಅದಕ್ಕೆ ಕಾರಣ ಅವರು ಕುಡಿಯುವ ನೀರು. ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ, ಬಂಡೆಗಳಿಂದ ಕರಗಿ ಬಂದ ಫ್ಲೋರೈಡ್ ಎಂಬ ಅಂಶವು ಬೆರೆತಿರುತ್ತದೆ. ಒಂದು ಲೀಟರ್ ನೀರಿನಲ್ಲಿ ಅದು 1.5 ಮಿಲಿಗ್ರಾಮನ್ನು ಮೀರಕೂಡದೆಂದು ಭಾರತೀಯ ಮಾನಕವು ಹೇಳುತ್ತದೆ. ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆಗಳೂ ಕೆಡುತ್ತವೆ. ಕುದಿಸಿದರೆ ಈ ದೋಷ ಕಳೆಯದು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಫ್ಲೋರೈಡಿನ ಪ್ರಮಾಣ ಏರುತ್ತದೆ.

ಇಂತಹ ಊರಿನ ಪ್ರಾಥಮಿಕ ಶಾಲೆಯ ನೆತ್ತಿಯ ಮೇಲೆಯೇ ಪ್ರತಿವರ್ಷವೂ ಒಳ್ಳೆಯ ನೀರು ಸುರಿದು ಚರಂಡಿಯ ಪಾಲಾಗುತ್ತದೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಕರ್ನಾಟಕ ರಾಜ್ಯವು ರೂಪುಗೊಂಡು ಐವತ್ತು ವರ್ಷಗಳು ತುಂಬಿದ 2006ರ ಸುಮಾರಿಗೆ ಸರ್ಕಾರವು ‘ಸುವರ್ಣ ಜಲ’ ಎಂಬ ಯೋಜನೆಯಡಿ ಸಾವಿರಾರು ಗ್ರಾಮೀಣ ಶಾಲೆಗಳಲ್ಲಿ ಮಾಡಿನ ನೀರನ್ನು ಹಿಡಿದಿಡುವ ಏರ್ಪಾಡಿಗೆ ಕೈಹಾಕಿತು.

ಇದರ ಲೆಕ್ಕವು ಐದನೆಯ ತರಗತಿಯ ಬಾಲಕನಿಗೂ ತಿಳಿಯುವಂಥದು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮಾಡು 100 ಚದರ ಮೀಟರ್ ಇದ್ದು, ವರ್ಷಕ್ಕೆ 500 ಮಿಲಿಮೀಟರ್ ಮಳೆಯಾದರೆ 50,000 ಲೀಟರ್. ಚೆಲ್ಲಿದ್ದು, ಆರಿದ್ದು ಎಂದು ಐದರಲ್ಲಿ ಒಂದು ಪಾಲು ಕಳೆದರೂ 40,000 ಲೀಟರ್ ಉಳಿಯಿತು. ಅರವತ್ತು ಮಕ್ಕಳು ದಿನಕ್ಕೆ ಎರಡೆರಡು ಲೀಟರಿನಂತೆ 220 ದಿನ ಬಳಸಿದರೂ ಬೇಕಾಗುವುದು 26,400 ಲೀಟರ್ ಮಾತ್ರ. ಆದರೆ ಮಳೆಯು ವರ್ಷವಿಡೀ ಹಂಚಿಕೊಂಡು ಬೀಳುವುದಿಲ್ಲವಷ್ಟೆ! ತೊಟ್ಟಿಯು 5,000 ಲೀಟರಿನದಾದರೆ, ತುಂಬಿದ ತೊಟ್ಟಿ ಸುಮಾರು ನಲವತ್ತು ದಿನಗಳಿಗೆ ಬರಿದಾಗುತ್ತದೆ. ಆದುದರಿಂದ ತೊಟ್ಟಿ ದೊಡ್ಡದಿರಬೇಕು. ಅದರ ನೀರನ್ನು ಕುಡಿಯುವುದಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸಬಾರದು.

ಏರ್ಪಾಡು ಸರಳವಾದುದು. ಮಾಡಿನ ಅಂಚಿಗೆ ಕಟ್ಟಿದ ದೋಣಿಯಲ್ಲಿ ಹರಿದ ನೀರು ಕೊಳವೆಯಲ್ಲಿ ಇಳಿದು, ಜಲ್ಲಿ, ಇದ್ದಿಲು, ಮರಳುಗಳಲ್ಲಿ ಸೋಸಿ ತೊಟ್ಟಿಯನ್ನು ಸೇರುತ್ತದೆ. ಕೊಳವೆಯ ಬುಡದಲ್ಲೊಂದು ಮುಚ್ಚಳವಿರುತ್ತದೆ. ಮೊದಲ ಮಳೆಯು ಮಾಡಿನ ದೂಳನ್ನೂ ಹಕ್ಕಿಗಳ ಹಿಕ್ಕೆಯನ್ನೂ ತೊಳೆದು ತರುವುದರಿಂದ, ಆಗ ಮುಚ್ಚಳವನ್ನು ತೆರೆದು ಆ ನೀರನ್ನು ಹೊರಗೆ ಬಿಡಬೇಕು, ಅನಂತರ ಮುಚ್ಚಬೇಕು. ತೊಟ್ಟಿಯೊಳಗೆ ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ. ಸಂದಿಯಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ಇಷ್ಟೆಲ್ಲ ಎಚ್ಚರ ವಹಿಸಿದರೂ ರೋಗಾಣುಗಳ ಭಯವಿರುವುದರಿಂದ ಕುಡಿಯುವ ಮೊದಲು ಈ ನೀರನ್ನು ಕುದಿಸುವುದು ಲೇಸು.

ಹೀಗಿದ್ದರೂ ಹಲವು ಶಾಲೆಗಳಲ್ಲಿ ಈ ತೊಟ್ಟಿಗಳು ಕೆಲವೇ ವರ್ಷಗಳಲ್ಲಿ ನಿಷ್ಪ್ರಯೋಜಕವಾದವು. ದೋಣಿಯಲ್ಲಿ ತರಗೆಲೆ ತುಂಬಿದರೆ, ಮರಳನ್ನು ತೊಳೆಯದೆ ಬಿಟ್ಟರೆ, ಒಂದು ನಲ್ಲಿ ಮುರಿದರೆ ಸಾಕು, ಸಾವಿರಾರು ರೂಪಾಯಿಗಳ ಏರ್ಪಾಡು ಮೂಲೆಗೆ ಬೀಳುತ್ತದೆ. ಕಟ್ಟಿಸಲು ಹಣ ಕೊಟ್ಟವರುಂಟು. ದಿನವೂ ನೋಡಿಕೊಳ್ಳುವವರು ಯಾರೆಂದು ಗೊತ್ತುಮಾಡಿದವರು ವಿರಳ. ಮಕ್ಕಳ ಪಾಲು ಇರುವುದು ಇಲ್ಲಿಯೇ. ನೆಟ್ಟನೆಯ ಗೋಡೆಯ ಗಾಜಿನ ಪಾತ್ರೆಯೊಂದನ್ನು ಬಯಲಿನಲ್ಲಿಟ್ಟು, ಪ್ರತಿದಿನ ಬೆಳಿಗ್ಗೆ ಅದರಲ್ಲಿ ನಿಂತ ನೀರಿನ ಎತ್ತರವನ್ನು ಅಳೆದು ಬರೆದಿಡುವ ಮಕ್ಕಳಿಗೆ, ನಿನ್ನೆಯ ಹತ್ತು ಮಿಲಿಮೀಟರ್ ಮಳೆಗೆ ತೊಟ್ಟಿಗೆ 800 ಲೀಟರಿನಷ್ಟಾದರೂ ಬರಬೇಕಾಗಿತ್ತೆಂಬುದು ಗೊತ್ತು. ಬಾರದಿದ್ದರೆ ದೋಣಿ ಸೋರುತ್ತಿದೆ, ಇಲ್ಲವೇ ಕಟ್ಟಿಕೊಂಡಿದೆ. ಅದನ್ನು ಕಂಡುಹಿಡಿಯುವುದು ಅವರ ಕೆಲಸ. ಮಾಡು ಹತ್ತಿ ಸರಿಪಡಿಸುವುದು ಮಾತ್ರ ಹಿರಿಯರ ಕೆಲಸ.

ಬಿಸಿಯೂಟವಿರುವ ಶಾಲೆಯಲ್ಲಿ ನೀರಿಗೆ ಎರಡನೆಯ ಬಾಳುವೆಯೂ ಉಂಟು. ಊಟದ ಮುಂಚೆ ಮತ್ತು ಅನಂತರ ಕೈತೊಳೆದ ನೀರನ್ನು ಒಂದು ಸಣ್ಣ ಕಾಲುವೆಯಲ್ಲಿ ಹರಿಸಿದರೆ ಬಾಳೆ, ನುಗ್ಗೆ, ಕರಿಬೇವುಗಳಿಗೆ ಬೇರೆ ನೀರು ಹೊರಬೇಕಾಗಿಲ್ಲ. ತರಕಾರಿಯ ಸಿಪ್ಪೆ ಗೊಬ್ಬರದ ಗುಂಡಿಗೆ, ಗೊಬ್ಬರ ಅವೇ ಗಿಡಗಳಿಗೆ, ನುಗ್ಗೆಯ ಸೊಪ್ಪು ಮರಳಿ ಸಾರಿಗೆ.

ಸಸಿ ನೆಡುವ ಕಾರ್ಯವೊಂದೇ ಕಠಿಣವಾದುದು. 1972ರ ಸ್ಟಾಕ್‌ಹೋಮ್ ಸಮ್ಮೇಳನದ ನೆನಪಿಗಾಗಿ ಜೂನ್ 5ರಂದು ಆಚರಿಸುವ ವಿಶ್ವ ಪರಿಸರ ದಿನದಂದು ಸಂಭ್ರಮದಿಂದ ನೆಟ್ಟ ಹೊಂಗೆ, ಬೇವುಗಳು ಮುಂಗಾರು ಹಿಂಗಾರುಗಳಲ್ಲಿ ಸೊಗಸಾಗಿ ಬೆಳೆಯುತ್ತವೆ. ಏಪ್ರಿಲ್ ತಿಂಗಳಲ್ಲಿ ಶಾಲೆಗೆ ಬೀಗ ಬೀಳುತ್ತದೆ. ಬಿಸಿಲೂ ಆಗಲೇ ಉರಿಯುತ್ತದೆ. ಸಸಿಯ ಪಕ್ಕದಲ್ಲಿ ಸುಣ್ಣಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚಿದರೆ, ನೀರು ನಿಧಾನವಾಗಿ ಜಿನುಗಿ ಬೇರಿಗೆ ತಲುಪುತ್ತದೆ. ಮತ್ತೆ ಮತ್ತೆ ಮಡಕೆ ತುಂಬಲು ಶಾಲೆಯ ಸಮೀಪದ ಮನೆಗಳ ಮಕ್ಕಳು ಸರದಿಯನ್ನು ಗೊತ್ತುಮಾಡಿಕೊಳ್ಳಬೇಕಾಗುತ್ತದೆ. ರಜೆ ಮುಗಿದು ಬಾಗಿಲು ತೆರೆದ ದಿನ ಬದುಕಿರುವ ಸಸಿಗಳನ್ನು ಎಣಿಸಿ, ಹಿಂದಿನ ವರ್ಷದ ಎಣಿಕೆಯ ಪಕ್ಕದಲ್ಲಿ ಬರೆದಿಟ್ಟ ಶಾಲೆಗೆ ಆ ಜೂನ್ 5ರಂದು ಎಷ್ಟು ಗುಂಡಿಗಳನ್ನು ತೋಡಬೇಕೆಂಬುದು ತಿಳಿದಿರುತ್ತದೆ.