ಒಲೆ, ತಿಪ್ಪೆ, ಹಿತ್ತಲು

ಸಾಗರದ ಸಮೀಪದ ವರದಾಮೂಲದಲ್ಲಿ ಹುಟ್ಟಿದ ವರದೆಯು ಮಲೆನಾಡಿನ ಮಡಿಲನ್ನು ಬಿಟ್ಟು ಹಾವೇರಿಯ ಬಯಲಿಗಿಳಿದು, ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡಿಕೊಳ್ಳುತ್ತಾಳೆ. ಹಾಗೆ ಕೂಡುವ ಮುನ್ನ ಅವಳು ಹಾದುಹೋಗುವ ಊರುಗಳಲ್ಲಿ ಹೊಸರಿತ್ತಿಯೂ ಒಂದು. ಕರ್ನಾಟಕದ ಸ್ವಾತಂತ್ರ್ಯ ಹೋರಾಟದ ಇತಿಹಾಸದಲ್ಲಿ ಈ ಊರಿನ ಹೆಸರು ಅಚ್ಚಳಿಯದೆ ಉಳಿದಿದೆ. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಮೋಟೆಬೆನ್ನೂರಿನ ತರುಣ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹುತಾತ್ಮರಾದುದು ಇಲ್ಲಿಯೇ. ನಾಡಿನ ಏಕೀಕರಣಕ್ಕಾಗಿ ದುಡಿದ ಗುದ್ಲೆಪ್ಪ ಹಳ್ಳಿಕೇರಿಯವರ ಹುಟ್ಟೂರೂ ಇದೇ. ಈ ಹಿರಿಯರ ಆದರ್ಶದ ನೆರಳಿನಲ್ಲಿ ಬೆಳೆದ ಗಾಂಧಿ ಗ್ರಾಮೀಣ ಗುರುಕುಲವು ಈ ಊರಿನಲ್ಲಿದ್ದು, ಅಲ್ಲಿ ಮಕ್ಕಳು ಖಾದಿಯನ್ನು ತೊಟ್ಟು, ಪುಸ್ತಕದ ಪಾಠದೊಡನೆ ಹೊಲದ ಪಾಠವನ್ನೂ ಕಲಿಯುತ್ತಾರೆ.

ಮಹಾದೇವಪ್ಪನವರು ದಂಡಿಗೆ ಹೊರಡುವ ಮುನ್ನ ಸಬರಮತಿ ಆಶ್ರಮದಲ್ಲಿದ್ದರು. ನೂಲುವುದು, ಅಡುಗೆಯ ಕೆಲಸ, ಅಂಗಳದ ಕಸ ಗುಡಿಸುವುದು, ಕಡೆಗೆ ಶೌಚಾಲಯಗಳನ್ನು ಶುಚಿಗೊಳಿಸುವುದು - ಇವೆಲ್ಲವನ್ನೂ ಆಶ್ರಮವಾಸಿಗಳೇ ಮಾಡಬೇಕಾಗಿತ್ತು. ತಾನು ಮಾಡಿದ ಕೊಳೆಯನ್ನು ಇನ್ನೊಬ್ಬನ ತಲೆಯ ಮೇಲೆ ಹೊರಿಸಬಾರದೆಂಬುದು ಆ ನಿಯಮದ ತಿರುಳು. ಈ ಒಂದು ಮಾತನ್ನು ಒಂದು ಕುಟುಂಬವು ತನ್ನ ದಿನನಿತ್ಯದ ಬದುಕಿಗೆ ಅನ್ವಯಿಸಿಕೊಂಡರೆ, ಮನೆಯವರ ಆರೋಗ್ಯವೂ ನೆಲದ ಹಸಿರೂ ಒಟ್ಟಿಗೆ ಉಳಿಯುತ್ತವೆ. ಏಕೆಂದರೆ ಮನೆಯಿಂದ ಹೊರಗೆಸೆದ ಯಾವ ವಸ್ತುವೂ ಇಲ್ಲದಂತಾಗುವುದಿಲ್ಲ. ಅದು ಯಾರದೋ ಪಾಲಿಗೆ ಹೋಗಿ ಸೇರುತ್ತದೆ.

ಹಿಂದಿನ ಕಾಲದ ಒಕ್ಕಲು ಮನೆಗಳಲ್ಲಿ ಎಸೆಯುವ ವಸ್ತು ಎಂಬುದೇ ವಿರಳವಾಗಿತ್ತು. ಹರಿದ ಸೀರೆ, ಹಳೆಯ ಧೋತರಗಳು ಅಜ್ಜಿಯ ಸೂಜಿಗೆ ಸಿಕ್ಕಿ ಕೌದಿಯಾಗುತ್ತಿದ್ದವು. ಕೌದಿ ಸವೆದರೆ ಒರಸುವ ಬಟ್ಟೆಯಾಗುತ್ತಿತ್ತು. ಅದೂ ಹಾಳಾದರೆ ಮಣ್ಣು ಸೇರುತ್ತಿತ್ತು. ಮುಸುರೆ ದನದ ಪಾಲಾದರೆ, ಒಲೆಯ ಬೂದಿ ಪಾತ್ರೆ ತಿಕ್ಕಲು ಒದಗುತ್ತಿತ್ತು. ಹಾಗೆಂದು ಹಿಂದಿನದೆಲ್ಲವೂ ಒಳ್ಳೆಯದೆಂದು ತಿಳಿಯುವುದು ತಪ್ಪಾದೀತು. ಅದೇ ಮನೆಯ ಅಡುಗೆಕೋಣೆಯಲ್ಲಿ ಹೊಗೆ ಕವಿದಿರುತ್ತಿತ್ತು. ಎಷ್ಟೋ ಮನೆಗಳಲ್ಲಿ ಶೌಚಾಲಯವಿರಲಿಲ್ಲ. ತಿಪ್ಪೆಯು ಬಾವಿಗೆ ಅಂಟಿಕೊಂಡೇ ಇರುತ್ತಿತ್ತು. ಆದುದರಿಂದ ಹಳೆಯದರಲ್ಲಿ ಉಳಿಸಿಕೊಳ್ಳತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂಬ ವಿವೇಕ ಬೇಕು.

ಮೊದಲು ಒಲೆಯನ್ನು ತೆಗೆದುಕೊಳ್ಳೋಣ. ಹಸಿ ಸೌದೆ, ಕುಳ್ಳು, ಹತ್ತಿಕಟ್ಟಿಗೆಗಳು ಸರಿಯಾಗಿ ಉರಿಯದಿದ್ದಾಗ ಏಳುವ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲವೂ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಮಸಿಯ ಕಣಗಳೂ ಇರುತ್ತವೆ. ಈ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಕೆಮ್ಮು, ಉಬ್ಬಸ, ಮಕ್ಕಳಲ್ಲಿ ನ್ಯುಮೋನಿಯ ಮುಂತಾದ ವ್ಯಾಧಿಗಳನ್ನು ತರುತ್ತವೆ. 2020ರ ಒಂದೇ ವರ್ಷದಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ಅಕಾಲಮೃತ್ಯುವಿಗೆ ಈಡಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಊಟಕ್ಕೆ ಕುಳಿತವರಿಗೆ ಬಿಸಿ ರೊಟ್ಟಿ ಕಾಣುತ್ತದೆ. ಅದನ್ನು ಬಡಿದವಳ ಎದೆಯಲ್ಲಿ ಕುಳಿತ ಮಸಿ ಕಾಣುವುದಿಲ್ಲ.

ಇದಕ್ಕೆ ಪರಿಹಾರಗಳು ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು ಕಡಿಮೆ ಸೌದೆಯಿಂದ ಹೆಚ್ಚು ಕಾವು ಕೊಡುವ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಸಾಗಿಸುವ 'ಅಸ್ತ್ರ ಒಲೆ'ಯನ್ನು ರೂಪಿಸಿದರು. 2016ರಲ್ಲಿ ಮೊದಲಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗಳಿಗೂ ಅಡುಗೆ ಅನಿಲ ತಲುಪಿತು. ನಾಲ್ಕೈದು ದನಗಳಿರುವ ಮನೆಗೆ ಗೋಬರ್ ಅನಿಲವು ಇನ್ನೂ ಸುಲಭವಾದ ದಾರಿ. ದಿನಕ್ಕೆ ಸುಮಾರು 50 ಕಿಲೋಗ್ರಾಂ ಸಗಣಿಯನ್ನು ಅಷ್ಟೇ ನೀರಿನಲ್ಲಿ ಕಲಸಿ ಸ್ಥಾವರಕ್ಕೆ ಬಿಟ್ಟರೆ, ಗಾಳಿಯಿಲ್ಲದ ಆ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿ ಮಿಥೇನ್ ಅನಿಲವನ್ನು ಬಿಡುಗಡೆ ಮಾಡುತ್ತವೆ. ಐದಾರು ಜನರ ಅಡುಗೆಗೆ ಅದು ಸಾಕು. ಹೊರಬರುವ ಬಗ್ಗಡವು ಹೊಲಕ್ಕೆ ಉತ್ತಮ ಗೊಬ್ಬರ. ಸಗಣಿಯನ್ನು ಕುಳ್ಳು ತಟ್ಟಿ ಸುಟ್ಟರೆ ಉರಿ ಮಾತ್ರ ದೊರೆಯುತ್ತದೆ. ಹೀಗೆ ಬಳಸಿದರೆ ಉರಿಯೂ ಉಂಟು, ಗೊಬ್ಬರವೂ ಉಂಟು.

ಗೊಬ್ಬರದ ಮಾತು ಬಂದಾಗ ತಿಪ್ಪೆಯ ನೆನಪಾಗುತ್ತದೆ. ಪಟ್ಟಣದವರ ಬಾಯಲ್ಲಿ 'ತಿಪ್ಪೆ' ಎಂಬುದು ಬೈಗುಳವಾಗಿರಬಹುದು; ಒಕ್ಕಲಿಗನಿಗೆ ಅದು ಸಂಪತ್ತು. ದೀಪಾವಳಿಯಲ್ಲಿ ಸಗಣಿಯಿಂದ ಹಟ್ಟೆವ್ವನನ್ನು ಮಾಡಿ ಹೂವೇರಿಸಿ ಪೂಜಿಸುವ ಈ ಭಾಗದ ಪದ್ಧತಿಗೆ ಇಂಥ ಅರಿವೇ ಹಿನ್ನೆಲೆಯಾಗಿದ್ದೀತು. 2008ರ ಜೂನ್ ತಿಂಗಳಿನಲ್ಲಿ ರಸಗೊಬ್ಬರದ ಅಭಾವದಿಂದ ಕಂಗೆಟ್ಟ ರೈತರು ಹಾವೇರಿಯಲ್ಲಿ ಬೀದಿಗಿಳಿದಾಗ ಗೋಲೀಬಾರು ನಡೆದು ಪ್ರಾಣಹಾನಿ ಸಂಭವಿಸಿತು. ಬಿತ್ತನೆಯ ಹೊತ್ತಿನಲ್ಲಿ ಚೀಲದ ಗೊಬ್ಬರವನ್ನೇ ಕಾಯುವ ಹೊಲದ ಸಂಕಟವೇನೆಂಬುದನ್ನು ಆ ದಿನ ನಾಡು ಕಂಡಿತು. ಮನೆಯ ತಿಪ್ಪೆಯೊಂದೇ ಆ ಸಂಕಟವನ್ನು ನೀಗಲಾರದು. ಆದರೆ ಅದರ ಭಾರವನ್ನು ಇಳಿಸಬಲ್ಲದು.

ತಿಪ್ಪೆಗೂ ಒಂದು ಶಾಸ್ತ್ರವಿದೆ. ಒಣ ಎಲೆ, ದಂಟು, ಹೊಟ್ಟುಗಳನ್ನು ಒಂದು ಪದರವಾಗಿ ಹರಡಬೇಕು. ಅದರ ಮೇಲೆ ತರಕಾರಿಯ ಸಿಪ್ಪೆ, ಹಸಿ ಸೊಪ್ಪು, ಸಗಣಿಗಳ ಪದರ. ಮೇಲೆ ತೆಳುವಾಗಿ ಮಣ್ಣು. ಹಿಂಡಿದ ಬಟ್ಟೆಯಷ್ಟು ತೇವವಿದ್ದರೆ ಸಾಕು. ಕೆಲವೇ ದಿನಗಳಲ್ಲಿ ರಾಶಿಯ ಒಡಲು ಐವತ್ತು ಅರವತ್ತು ಡಿಗ್ರಿ ಸೆಲ್ಸಿಯಸ್‌ವರೆಗೂ ಬಿಸಿಯಾಗಿ, ಕಳೆಯ ಬೀಜಗಳೂ ರೋಗಾಣುಗಳೂ ಬಹುಮಟ್ಟಿಗೆ ನಾಶವಾಗುತ್ತವೆ. ಆಗಾಗ ತಿರುವಿ ಹಾಕಿದರೆ ಮೂರು ನಾಲ್ಕು ತಿಂಗಳಲ್ಲಿ ಕಸವೆಲ್ಲ ಕಪ್ಪು ಗೊಬ್ಬರವಾಗುತ್ತದೆ. ಕೈಗೆತ್ತಿಕೊಂಡರೆ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ದುರ್ವಾಸನೆ ಬಂದರೆ ನೀರು ಹೆಚ್ಚಾಗಿದೆ, ಗಾಳಿ ಸಾಲದು ಎಂದು ತಿಳಿಯಬೇಕು. ಗುಂಡಿಯು ಬಾವಿ, ಕೊಳವೆಬಾವಿಗಳಿಂದ ದೂರವಿರುವುದು ಅವಶ್ಯ.

ನೀರಿನ ವಿಷಯದಲ್ಲಿಯೂ ಇದೇ ನ್ಯಾಯ. ಐವತ್ತು ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಸುರಿದರೆ, ಬೀಳುವ ನೀರು 35,000 ಲೀಟರ್. ಸ್ವಲ್ಪ ಭಾಗ ಆವಿಯಾಗಿ ಸೋರಿ ಹೋದರೂ ಉಳಿಯುವುದು ಅಲ್ಪವಲ್ಲ. ಮೊದಲ ಮಳೆಯಲ್ಲಿ ಚಾವಣಿ ತೊಳೆದುಹೋಗಲು ಬಿಟ್ಟು, ಅನಂತರದ ನೀರನ್ನು ಸೋಸಿ ತೊಟ್ಟಿಗೆ ತುಂಬಬಹುದು ಇಲ್ಲವೆ ಇಂಗುಗುಂಡಿಗೆ ಬಿಡಬಹುದು. ಬಚ್ಚಲ ನೀರು ಓಣಿಯಲ್ಲಿ ನಿಂತರೆ ಸೊಳ್ಳೆಯ ತವರಾಗುತ್ತದೆ. ಬಾಳೆಯ ಬುಡಕ್ಕೆ ಹರಿದರೆ ಗೊನೆಯಾಗುತ್ತದೆ. ನೀರು ಒಂದೇ, ಹರಿಯುವ ದಿಕ್ಕು ಬೇರೆ.

ಹೀಗೆ ಗೊಬ್ಬರವೂ ನೀರೂ ಮನೆಯಲ್ಲಿಯೇ ದೊರೆತ ಮೇಲೆ ಹಿತ್ತಲು ತಾನಾಗಿ ಹಸಿರಾಗುತ್ತದೆ. 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯು ಹತ್ತಿರದ್ದನ್ನು ಕಡೆಗಣಿಸುವವರನ್ನು ಕುರಿತು ಹುಟ್ಟಿದ್ದು. ಒಂದು ನುಗ್ಗೆ, ಒಂದು ಕರಿಬೇವು, ಒಂದು ನಿಂಬೆ, ಬೇಲಿಗೊಂದು ಹೀರೆಯ ಬಳ್ಳಿ, ಎರಡು ಮಡಿ ಮೆಂತ್ಯ, ಪುಂಡಿ, ರಾಜಗಿರಿ - ಇಷ್ಟಕ್ಕೆ ಹತ್ತು ಹೆಜ್ಜೆಯ ನೆಲ ಸಾಕು. ನುಗ್ಗೆಯ ಸೊಪ್ಪಿನಲ್ಲಿ ಕಣ್ಣಿಗೆ ಬೇಕಾದ ಎ ಜೀವಸತ್ವವೂ ರಕ್ತಕ್ಕೆ ಬೇಕಾದ ಕಬ್ಬಿಣವೂ ಇವೆ. ಸೊಪ್ಪಿನ ಪಲ್ಯಕ್ಕೆ ನಿಂಬೆಯ ರಸ ಹಿಂಡಿದರೆ ದೇಹವು ಆ ಕಬ್ಬಿಣವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟವಾದ ಕೂಡಲೆ ಚಹಾ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಸೊಪ್ಪು - ಈ ಭಾಗದ ಸಾಮಾನ್ಯ ಊಟ - ಆಹಾರಶಾಸ್ತ್ರದ ದೃಷ್ಟಿಯಿಂದಲೂ ಉತ್ತಮವಾದುದು. ಜೋಳದಲ್ಲಿ ಕೊರತೆಯಾದ ಲೈಸಿನ್ ಎಂಬ ಪೋಷಕಾಂಶವನ್ನು ಕಾಳುಗಳು ತುಂಬಿಕೊಡುತ್ತವೆ. ನವಣೆ, ಸಾವೆಗಳಂಥ ಕಿರುಧಾನ್ಯಗಳು ಕಡಿಮೆ ನೀರಿನಲ್ಲಿ ಬೆಳೆದು ಹೆಚ್ಚು ನಾರನ್ನು ಕೊಡುತ್ತವೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಜಗತ್ತು ಹೊಗಳಿದ್ದು ಅಜ್ಜಿಯ ಅಡುಗೆಯನ್ನೇ.

ಇನ್ನು ಉಳಿದುದು ಮಣ್ಣು ಸೇರದ ಕಸ. ಮುಸುರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಗೆಸೆದರೆ, ಹಸಿದ ಆಕಳು ಚೀಲಸಮೇತ ಅದನ್ನು ನುಂಗುತ್ತದೆ. ಪ್ಲಾಸ್ಟಿಕ್ ಹೊಟ್ಟೆಯಲ್ಲಿ ಕರಗದೆ ಗಂಟಾಗಿ, ಕೆಲವೊಮ್ಮೆ ಆ ಮೂಕಪ್ರಾಣಿಯ ಜೀವವನ್ನೇ ತೆಗೆಯುತ್ತದೆ. ಸುಟ್ಟರೆ ವಿಷದ ಹೊಗೆಯಾಗುತ್ತದೆ. ಕರ್ನಾಟಕ ಸರಕಾರವು 2016ರಲ್ಲಿಯೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಆದರೆ ಸಂತೆಗೆ ಹೊರಟವನ ಕೈಯಲ್ಲಿ ಬಟ್ಟೆಯ ಚೀಲವಿಲ್ಲದಿದ್ದರೆ ಕಾನೂನು ಒಂದೇ ಏನು ಮಾಡೀತು? ಮಣ್ಣೆತ್ತಿನ ಅಮಾವಾಸ್ಯೆಯಂದು ಪೂಜೆಗೊಂಡ ಎತ್ತುಗಳು ನೀರಿಗೆ ಬಿದ್ದೊಡನೆ ಮರಳಿ ಮಣ್ಣಾಗುತ್ತವೆ. ಬಣ್ಣ ಬಳಿದ ಪ್ಲಾಸ್ಟರಿನ ಮೂರ್ತಿ ಹಾಗೆ ಕರಗದು. ಕೊಳ್ಳುವ ಪ್ರತಿಯೊಂದು ವಸ್ತುವನ್ನೂ ಕುರಿತು 'ಇದು ಮಣ್ಣೆತ್ತಿನಂತೆ ಮರಳಿ ಮಣ್ಣಾದೀತೇ?' ಎಂದು ಕೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಈ ಕೆಲಸಗಳಲ್ಲಿ ಯಾವುದೂ ಕಠಿಣವಲ್ಲ. ಆದರೆ ಎಲ್ಲವೂ ಕೈಯ ಕೆಲಸಗಳು. ಇವು ತಾಯಿಯೊಬ್ಬಳ ಮೇಲೆಯೇ ಬಿದ್ದರೆ, ಒಲೆಯ ಹೊಗೆಯನ್ನು ಇಳಿಸಿ ಬೇರೊಂದು ಹೊರೆಯನ್ನು ಹೊರಿಸಿದಂತಾಗುತ್ತದೆ. ಸಬರಮತಿಯ ನಿಯಮ ಇಲ್ಲಿ ಮತ್ತೆ ಸಲ್ಲುತ್ತದೆ. ತಂದೆಯು ಗುಂಡಿಯನ್ನು ತೋಡಲಿ, ಮಗನು ಹಸಿ ಕಸ ಒಣ ಕಸಗಳನ್ನು ಬೇರ್ಪಡಿಸಲಿ, ಮಗಳು ಬೀಜವನ್ನು ಆಯ್ದಿಡಲಿ, ಮರುದಿನ ಕೆಲಸಗಳನ್ನು ಅದಲುಬದಲು ಮಾಡಿಕೊಳ್ಳಲಿ. ಕುಟುಂಬವೆಂದರೆ ಒಂದೇ ಒಲೆಯ ಅನ್ನವನ್ನು ಉಣ್ಣುವವರಷ್ಟೇ ಅಲ್ಲ, ಆ ಒಲೆಯ ಬೂದಿಯನ್ನೂ ಹಂಚಿಕೊಂಡು ಎತ್ತುವವರು.

ಹೊಸರಿತ್ತಿಯ ದಂಡೆಯನ್ನು ಮುಟ್ಟುವ ವರದೆಯ ನೀರು ಮೇಲಿನ ಊರುಗಳನ್ನು ಹಾದು ಬಂದದ್ದು. ಇಲ್ಲಿಂದ ಮುಂದೆ ಅದು ಕೆಳಗಿನ ಊರುಗಳ ಪಾಲಿನದು. ಪ್ರತಿಯೊಂದು ಮನೆಯೂ ಯಾವುದೋ ಒಂದು ಮನೆಗೆ ಮೇಲಿನ ಊರೇ ಆಗಿದೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡ ಮನೆಯು ತನ್ನ ಕೊಳೆಯನ್ನು ತಾನೇ ಗೊಬ್ಬರವಾಗಿಸಿಕೊಳ್ಳುತ್ತದೆ. ಹೊಳೆಗೆ ತಿಳಿನೀರನ್ನು ಮಾತ್ರ ಬಿಡುತ್ತದೆ.