ಅಗ್ಗದ ದಾರಿ ಯಾವುದು? ಹೆದ್ದಾರಿ ಮಾರ್ಗಗಳ ತುಲನೆಯ ಮೂಲಕ ರೇಖಾತ್ಮಕ ಸಮೀಕರಣ

ಬೋಧನಾಭ್ಯಾಸಕ್ಕೆ ನನಗೆ ದೊರೆತದ್ದು ಮಂಚಿಕೇರಿ ಭಾಗದ ಪ್ರೌಢಶಾಲೆಯೊಂದರ ಎಂಟನೇ ತರಗತಿ. ಘಟಕ: ಒಂದು ಚರಾಕ್ಷರವುಳ್ಳ ರೇಖಾತ್ಮಕ ಸಮೀಕರಣಗಳು. ತಂದೆ-ಮಗನ ವಯಸ್ಸಿನ ಲೆಕ್ಕಗಳನ್ನು ಮಕ್ಕಳು ಬೇಗ ಬಿಡಿಸುತ್ತಾರೆ. ಆದರೆ x ಏಕೆ ಬೇಕು ಎಂಬುದು ಅವುಗಳಿಂದ ತಿಳಿಯುವುದಿಲ್ಲ. ಹೀಗಾಗಿ ಅನ್ವಯ ಹಂತಕ್ಕೆ ಹೆದ್ದಾರಿಯ ಮಾರ್ಗ ಆಯ್ಕೆಯನ್ನು ತೆಗೆದುಕೊಂಡೆ. ಇದೇ ಘಟಕ ಕಲಿಸಲಿರುವ ಸಹಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತೆಂದು ಪಾಠದ ಹೆಜ್ಜೆಗಳನ್ನು ಇಲ್ಲಿ ವಿವರಿಸುತ್ತೇನೆ.

ವಿಷಯ ನಮ್ಮ ಮಕ್ಕಳಿಗೆ ಹೊಸದಲ್ಲ. ದೇವಿಮನೆ ಘಟ್ಟದ ಮೂಲಕ ಸಾಗುವ ಶಿರಸಿ–ಕುಮಟಾ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 766ಇ ಭಾಗ. ಸುಮಾರು 60 ಕಿ.ಮೀ. ಉದ್ದದ ಈ ದಾರಿ ಬಂದ್ ಆದರೆ ಶಿರಸಿಯಿಂದ ಕರಾವಳಿಗೆ ಬೇರೆ ಘಟ್ಟ ಹುಡುಕಬೇಕು. ಒಂದು ದಾರಿ ಮಂಚಿಕೇರಿ, ಯಲ್ಲಾಪುರ, ಅರಬೈಲ್ ಘಟ್ಟದ ಮೇಲೆ ಅಂಕೋಲಾಕ್ಕೆ. ಅದು ಸುಮಾರು 120 ಕಿ.ಮೀ. ಇನ್ನೊಂದು ಸಿದ್ದಾಪುರದಿಂದ ದೊಡ್ಮನೆ ಘಟ್ಟ ಇಳಿದು ಕುಮಟಾಕ್ಕೆ.

ಮೊದಲ ಹೆಜ್ಜೆ: ಏರು ಮತ್ತು ಉದ್ದ

ಘಟ್ಟದಲ್ಲಿ ನೇರ ಗೆರೆ ಎಳೆದರೆ ರಸ್ತೆಯಾಗದು. ಗುಡ್ಡಗಾಡಿನ ರಸ್ತೆಗೆ ಸಾಮಾನ್ಯವಾಗಿ ಒಪ್ಪುವ ಏರು 20ಕ್ಕೆ 1, ಅಂದರೆ 20 ಮೀಟರ್ ಸಾಗಿದಾಗ 1 ಮೀಟರ್ ಏರಬಹುದು. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. 590 × 20 = 11,800 ಮೀಟರ್. ಅಂದರೆ ಏರುವುದಕ್ಕೇ ಸುಮಾರು 12 ಕಿ.ಮೀ. ರಸ್ತೆ ಬೇಕು. ಘಟ್ಟದ ತಿರುವುಗಳು ಏಕಿವೆ ಎಂಬುದಕ್ಕೆ ಈ ಒಂದು ಗುಣಾಕಾರವೇ ಉತ್ತರ. ತಿರುವು ಹೆಚ್ಚಿದಷ್ಟೂ ಗುಡ್ಡ ಕಡಿಯುವುದು ಹೆಚ್ಚುತ್ತದೆ.

ಎರಡನೆಯ ಹೆಜ್ಜೆ: ನೆಲದ ಬಳಕೆ

ಪಟ್ಟಣಗಳಿಗೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಅಡಿಯಲ್ಲಿ ಮಹಾಯೋಜನೆ ತಯಾರಾಗುತ್ತದೆ. ವಸತಿ, ವಾಣಿಜ್ಯ, ಕೃಷಿ, ರಸ್ತೆ ಎಲ್ಲಿರಬೇಕೆಂದು ಅದು ಬಣ್ಣಗಳಲ್ಲಿ ತೋರಿಸುತ್ತದೆ. ಹಳ್ಳಿಗಳ ವಿಚಾರದಲ್ಲಿ ಪಹಣಿ, ಗ್ರಾಮನಕ್ಷೆ ಮತ್ತು ಅರಣ್ಯ ನಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ನಮ್ಮ ಮೂರು ತಾಲ್ಲೂಕುಗಳಲ್ಲಿ ಇದಕ್ಕೊಂದು ವಿಶೇಷವಿದೆ. ಅಡಿಕೆ ತೋಟ ಕಣಿವೆಯಲ್ಲಿ, ಅದಕ್ಕೆ ಸೊಪ್ಪು, ದರಕು ಒದಗಿಸುವ ಬೆಟ್ಟ ಮೇಲೆ. 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದದ್ದು. ನೆಲ ಅರಣ್ಯದ್ದು, ಬಳಕೆಯ ಸೌಲಭ್ಯ ತೋಟಿಗರದ್ದು.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಬೆಟ್ಟ ಹೋದ್ರೆ ಪರಿಹಾರ ಯಾರಿಗೆ ಸಿಗ್ತದೆ ಅಕ್ಕೋರೆ?” ಪಾಠದ ತಿರುಳು ಈ ಪ್ರಶ್ನೆಯಲ್ಲಿದೆ. ಖಾಸಗಿ ಜಮೀನಿಗೆ 2013ರ ಭೂಸ್ವಾಧೀನ ಕಾಯ್ದೆಯಂತೆ ಪರಿಹಾರವಿದೆ. ಅರಣ್ಯ ಭೂಮಿಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಪಡೆದು ಕಟ್ಟುವ ಹಣ ಪರಿಹಾರ ಅರಣ್ಯೀಕರಣ ನಿಧಿಗೆ ಹೋಗುತ್ತದೆ, ಸೊಪ್ಪು ತರುವವರ ಕೈಗಲ್ಲ.

ಮೂರನೆಯ ಹೆಜ್ಜೆ: ವೆಚ್ಚದ ಕೋಷ್ಟಕ

ಊರೊಂದರ ಕಾಲ್ಪನಿಕ ನಕ್ಷೆಯಲ್ಲಿ ಮೂರು ಮಾರ್ಗಗಳನ್ನು ಬರೆದೆ. ಕೆಳಗಿನ ಸಂಖ್ಯೆಗಳೆಲ್ಲ ಪಾಠಕ್ಕಾಗಿ ಊಹಿಸಿಕೊಂಡವು. ಹೊಸ ರಸ್ತೆಯ ಅಗಲ 20 ಮೀಟರ್, ಹಳೆಯ ರಸ್ತೆಗೆ ಸೇರಿಸುವ ಅಗಲ 8 ಮೀಟರ್.

ಮಾರ್ಗ ಎ: ಪೇಟೆಯ ಮೂಲಕ ಹಳೆಯ ರಸ್ತೆಯ ವಿಸ್ತರಣೆ, 8 ಕಿ.ಮೀ. ನಿರ್ಮಾಣ 48 ಕೋಟಿ. 16 ಎಕರೆ, ಎಕರೆಗೆ 50 ಲಕ್ಷದಂತೆ 8 ಕೋಟಿ. ಒಟ್ಟು 56 ಕೋಟಿ.

ಮಾರ್ಗ ಬಿ: ಕಣಿವೆಯ ತೋಟಗಳ ಮೂಲಕ, 6 ಕಿ.ಮೀ. ನಿರ್ಮಾಣ 42 ಕೋಟಿ. 30 ಎಕರೆ ತೋಟ, ಎಕರೆಗೆ 60 ಲಕ್ಷದಂತೆ 18 ಕೋಟಿ. ಒಟ್ಟು 60 ಕೋಟಿ.

ಮಾರ್ಗ ಸಿ: ಬೆಟ್ಟದ ಮೇಲಿನಿಂದ, 7 ಕಿ.ಮೀ. ನಿರ್ಮಾಣ 49 ಕೋಟಿ. 35 ಎಕರೆ ಬೆಟ್ಟ, ಎಕರೆಗೆ 6 ಲಕ್ಷದಂತೆ 2.1 ಕೋಟಿ. ಒಟ್ಟು 51.1 ಕೋಟಿ.

ಎಕರೆಗಳ ಸಂಖ್ಯೆ ಎಲ್ಲಿಂದ ಬಂತೆಂದು ಮಕ್ಕಳೇ ಕಂಡುಕೊಳ್ಳಬೇಕು (7,000 ಮೀ. × 20 ಮೀ. = 14 ಹೆಕ್ಟೇರ್ ≈ 35 ಎಕರೆ). ಗೆದ್ದದ್ದು ಸಿ. ಅತಿ ಚಿಕ್ಕ ಮಾರ್ಗ ಬಿ ಅತಿ ದುಬಾರಿಯಾಯಿತು. ಉದ್ದ ಕಡಿಮೆಯಾದರೆ ಖರ್ಚೂ ಕಡಿಮೆ ಎಂಬ ನಂಬಿಕೆ ಇಲ್ಲಿಗೇ ಬಿಟ್ಟುಹೋಗುತ್ತದೆ.

ನಾಲ್ಕನೆಯ ಹೆಜ್ಜೆ: x ಬರುವುದು ಇಲ್ಲಿ

ಕೋಷ್ಟಕದಲ್ಲಿ ಇಲ್ಲದ ಎರಡು ಸಾಲುಗಳನ್ನು ಈಗ ಸೇರಿಸಬೇಕು. ಮೊದಲನೆಯದು ಬೆಟ್ಟವನ್ನು ನೆಚ್ಚಿದ ತೋಟ. 35 ÷ 9 ಎಂದರೆ ಸುಮಾರು 4 ಎಕರೆ. ಎಕರೆಗೆ 60 ಲಕ್ಷದಂತೆ 2.4 ಕೋಟಿ. ಸೊಪ್ಪಿಲ್ಲವೆಂದ ಮಾತ್ರಕ್ಕೆ ತೋಟ ಪೂರ್ತಿ ಹಾಳಾಗದು, ಇದು ಗರಿಷ್ಠ ಅಂದಾಜು ಎಂದು ಸ್ಪಷ್ಟವಾಗಿ ಹೇಳಬೇಕು. ಸಿ ಮಾರ್ಗ ಈಗ 53.5 ಕೋಟಿ.

ಎರಡನೆಯದು ಹೊಸದಾಗಿ ಕಡಿದ ಗುಡ್ಡದ ನಿರ್ವಹಣೆ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಭೂಕುಸಿತವಾಯಿತು, ಅರಬೈಲ್ ಘಟ್ಟದಲ್ಲೂ ಗುಡ್ಡ ಜರಿದು ಸಂಚಾರ ನಿಂತಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಹಾನಿಯಾಯಿತು. ಪ್ರಾಣಕ್ಕೆ ಬೆಲೆ ಕಟ್ಟಲಾಗದು. ಆದರೆ ಮಣ್ಣು ತೆಗೆಯುವುದಕ್ಕೆ, ತಡೆಗೋಡೆ ಕಟ್ಟುವುದಕ್ಕೆ ಖರ್ಚಿದೆ. ಎ ಮಾರ್ಗಕ್ಕಿಂತ ಸಿ ಮಾರ್ಗಕ್ಕೆ ವರ್ಷಕ್ಕೆ x ಲಕ್ಷ ಹೆಚ್ಚು ತಗಲುತ್ತದೆ ಎಂದುಕೊಳ್ಳೋಣ. 20 ವರ್ಷಕ್ಕೆ 20x ಲಕ್ಷ, ಅಂದರೆ 0.2x ಕೋಟಿ.

53.5 + 0.2x = 56
0.2x = 2.5
x = 12.5

ಹೆಚ್ಚುವರಿ ಖರ್ಚು ವರ್ಷಕ್ಕೆ 12.5 ಲಕ್ಷಕ್ಕಿಂತ ಕಡಿಮೆಯಿದ್ದರೆ ಸಿ ಅಗ್ಗ, ಹೆಚ್ಚಿದ್ದರೆ ಎ ಅಗ್ಗ. ತೋಟದ ನಷ್ಟವನ್ನು ಅರ್ಧಕ್ಕೆ ಇಳಿಸಿದರೆ x = 18.5 ಆಗುತ್ತದೆ. ಇದನ್ನು ಮನೆಗೆಲಸಕ್ಕೆ ಕೊಡಬಹುದು.

ತರಗತಿಯಲ್ಲಿ ಗಮನಿಸಬೇಕಾದದ್ದು

ಬೆಟ್ಟ ಉಳಿಯಬೇಕು, ರಸ್ತೆ ಬೇಡ ಎಂಬ ತೀರ್ಮಾನಕ್ಕೆ ಮಕ್ಕಳನ್ನು ತಳ್ಳಬಾರದು. ಎ ಮಾರ್ಗದಲ್ಲಿ ಅಂಗಡಿ, ಮನೆ ಕಳೆದುಕೊಳ್ಳುವವರಿದ್ದಾರೆ. ನನ್ನ ತರಗತಿಯಲ್ಲಿ ಪೇಟೆಯ ಅಂಗಡಿಕಾರರ ಮಕ್ಕಳೂ ತೋಟಿಗರ ಮಕ್ಕಳೂ ಇದ್ದರು. ಗುಂಪು ಮಾಡುವಾಗ ಅವರನ್ನು ಬೆರೆಸಿದ್ದರಿಂದ ಚರ್ಚೆ ಒಂದೇ ಕಡೆ ವಾಲಲಿಲ್ಲ. ಹಣದಲ್ಲಿ ಹೇಳಲಾಗದ ನಷ್ಟಗಳಿಗೆ, ಉದಾಹರಣೆಗೆ ಬೆಟ್ಟದ ಬುಡದಲ್ಲಿ ಹುಟ್ಟುವ ಹಳ್ಳದ ನೀರಿಗೆ, ಕೋಷ್ಟಕದಲ್ಲಿ ಬೇರೆ ಅಂಕಣ ಇಡಬೇಕು. ಅಲ್ಲಿ ಸೊನ್ನೆ ಬರೆಯುವುದಕ್ಕಿಂತ ಯಾರಿಗೆ ನಷ್ಟ ಎಂದು ಬರೆಯುವುದು ಮೇಲು.

ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆ 1956ರ ಪ್ರಕಾರ ಭೂಸ್ವಾಧೀನದ ಅಧಿಸೂಚನೆ ಪ್ರಕಟವಾದ 21 ದಿನಗಳೊಳಗೆ ಆ ಜಮೀನಿನಲ್ಲಿ ಹಿತಾಸಕ್ತಿಯುಳ್ಳವರು ಆಕ್ಷೇಪಣೆ ಸಲ್ಲಿಸಬಹುದು. ಅಷ್ಟರಲ್ಲಿ ಯೋಜನಾ ವರದಿ ಓದಿ, ಯಾವ ಊಹೆಯ ಮೇಲೆ ಲೆಕ್ಕ ನಿಂತಿದೆ ಎಂದು ಗುರುತಿಸಬೇಕು. “ನಮ್ಮ ಬೆಟ್ಟ ಬಿಡಿ” ಎಂಬ ಅರ್ಜಿಗಿಂತ “ವರ್ಷದ ನಿರ್ವಹಣೆಗೆ ಎಷ್ಟು ಹಿಡಿದಿದ್ದೀರಿ?” ಎಂದು ಕೇಳುವ ಅರ್ಜಿಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಕಷ್ಟ. ಎಂಟನೇ ತರಗತಿಯ ಸಮೀಕರಣ ಆ ಪ್ರಶ್ನೆ ಕೇಳುವುದಕ್ಕೆ ಸಾಕು.