ಟಾರ್ಪಾಲಿನ ಗೋಡೆ, ಮಾಗಿಯ ಚಳಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಹಿಮ ಬೀಳುವುದಿಲ್ಲ, ನೀರು ಹೆಪ್ಪುಗಟ್ಟುವುದಿಲ್ಲ. ಆದರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಬಯಲಿನಲ್ಲಿ ಮಾಗಿಯ ಬೆಳಗಿನ ಜಾವ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುವುದುಂಟು. ಅಟ್ಟದ ತುಂಬ ಕೊಬ್ಬರಿಕಾಯಿ ಇಟ್ಟುಕೊಂಡು ಹೆಂಚಿನ ಮನೆಯೊಳಗೆ ದುಪ್ಪಟಿ ಹೊದ್ದು ಮಲಗಿದವರಿಗೆ ಅದು ಹಿತವಾದ ಚಳಿಯೇ. ಗೋಡೆಯೇ ಬಟ್ಟೆಯಾದವರ ಪಾಡು ಬೇರೆ.

ಅಂಥವರೇನೂ ಕಡಿಮೆಯಿಲ್ಲ. ತೋಟಗಳಲ್ಲಿ ಗೊಬ್ಬರಕ್ಕೆಂದು ಮಂದೆ ತರುಬುವ ಕುರಿಗಾಹಿಗಳಿದ್ದಾರೆ. ಹಳ್ಳಿಕಾರ್ ಹೋರಿಗಳನ್ನು ಜಾತ್ರೆಗೆ ಹೊಡೆದುಕೊಂಡು ಹೋಗುವ ರೈತರಿದ್ದಾರೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಸೇರುವುದೇ ಕೊರೆಯುವ ಚಳಿಯಲ್ಲಿ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡುತ್ತದೆಂಬ ಮಾತಿದ್ದರೂ ಸಿದ್ಧಗಂಗೆಯ ಜಾತ್ರೆಯ ಬಯಲಿನಲ್ಲಿ ಮಲಗಿದವರು ಅದನ್ನು ಪೂರ್ತಿ ನಂಬುವುದಿಲ್ಲ. ಹಿಂದೆ ಇವರ ಮನೆ ಕಮಾನು ಗಾಡಿ. ಇಂದು ಹೋರಿಗಳನ್ನು ಇಳಿಸಿದ ಟೆಂಪೊವೇ ರಾತ್ರಿಯ ಮನೆ. ಮೂರು ಕಡೆ ಟಾರ್ಪಾಲು ಇಳಿಬಿಟ್ಟರೆ ಮಲಗುವ ಕೋಣೆ ಸಿದ್ಧ. ಪರದೇಶಗಳಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾನ್ವಾಸ್ ಗೋಡೆಯ ಪ್ರವಾಸಿ ಗಾಡಿಗಳಿವೆ. ಬೆಲೆ ಬೇರೆ ಇರಬಹುದು, ಚಳಿ ಒಳಗೆ ಬರುವ ದಾರಿ ಮಾತ್ರ ಎರಡಕ್ಕೂ ಒಂದೇ.

ಆ ದಾರಿ ಹೆಚ್ಚಿನವರು ತಿಳಿದಂತೆ ಪಕ್ಕದ ಬಟ್ಟೆಯಲ್ಲ, ಕೆಳಗಿನ ನೆಲ. ಮನೆಯಲ್ಲಿ ನೆಲದ ಕೆಳಗೆ ಮಣ್ಣಿರುತ್ತದೆ. ಗಾಡಿಯ ಹಲಗೆಯ ಕೆಳಗೆ ಇಡೀ ರಾತ್ರಿ ತಣ್ಣನೆಯ ಗಾಳಿ ಹರಿಯುತ್ತದೆ. ಟೆಂಪೊದ ಕಬ್ಬಿಣದ ತಳವಂತೂ ಮೈಯ ಬಿಸಿಯನ್ನು ಹೀರಿ ಹೊರಕ್ಕೆ ಚೆಲ್ಲುತ್ತದೆ. ಮೇಲೆ ಎರಡು ರಗ್ಗು ಹೊದ್ದು ಕೆಳಗೆ ಒಂದು ಚಾಪೆ ಹಾಸಿದವನು ನಡುಗುತ್ತಾನೆ. ಅವೇ ರಗ್ಗುಗಳಲ್ಲಿ ಒಂದನ್ನು ಕೆಳಗೆ ಹಾಸಿದವನು ನಿದ್ದೆ ಮಾಡುತ್ತಾನೆ. ಬಿಸಿಯನ್ನು ಹಿಡಿದಿಡುವುದು ಬಟ್ಟೆಗಿಂತ ಹೆಚ್ಚಾಗಿ ಅದರೊಳಗೆ ಸಿಕ್ಕಿಕೊಂಡ ಗಾಳಿ. ಮೆತ್ತನೆಯ ಹಾಸಿಗೆ ಮೈಭಾರಕ್ಕೆ ಅಪ್ಪಚ್ಚಿಯಾಗಿ ಆ ಗಾಳಿಯನ್ನು ಕಳೆದುಕೊಳ್ಳುತ್ತದೆ. ಹುಲ್ಲು ಅಷ್ಟು ಬೇಗ ಸೋಲುವುದಿಲ್ಲ. ಗಾಡಿಯ ತಳಕ್ಕೆ ಒಂದು ಮೊಳ ಒಣಹುಲ್ಲು ಹರಡಿ, ಅದರ ಮೇಲೆ ಗೋಣಿಚೀಲ, ಅದರ ಮೇಲೆ ಜಮಖಾನ ಹಾಸುತ್ತಿದ್ದ ಹಿರಿಯರು ಭೌತಶಾಸ್ತ್ರ ಓದಿದವರಲ್ಲ. ಎತ್ತಿನ ಮೇವೇ ಒಡೆಯನ ಹಾಸಿಗೆ. ಬೆಳಗಾದರೆ ಅದೇ ಮತ್ತೆ ಮೇವು.

ಹೊದೆಯಲು ಕಂಬಳಿಗೆ ಸಮನಾದದ್ದು ಈ ಸೀಮೆಯಲ್ಲಿ ಇನ್ನೂ ಬಂದಿಲ್ಲ. ಹುಣಸೆಬೀಜದ ಗಂಜಿ ಕೊಟ್ಟು ನೇಯ್ದ ಕರಿ ಕಂಬಳಿ ಮೊದಲು ಚುಚ್ಚುತ್ತದೆ ನಿಜ, ಆದರೆ ಇಬ್ಬನಿಗೆ ನೆನೆದರೂ ಬಿಸಿ ಬಿಡುವುದಿಲ್ಲ. ಹತ್ತಿಯ ದುಪ್ಪಟಿ ತೇವವಾದರೆ ಹೊದ್ದರೂ ಒಂದೇ, ಬಿಟ್ಟರೂ ಒಂದೇ. ಕುರಿಗಾಹಿ ಗೊಪ್ಪೆ ಹಾಕಿಕೊಳ್ಳುವುದರಲ್ಲಿಯೂ ಜಾಣತನವಿದೆ: ತಲೆ, ಕುತ್ತಿಗೆ, ಬೆನ್ನು ಒಂದೇ ಮಡಿಕೆಯಲ್ಲಿ ಮುಚ್ಚುತ್ತವೆ.

ಈ ತೇವ ಎಲ್ಲಿಂದ ಬರುತ್ತದೆ? ಅರ್ಧ ಆಕಾಶದಿಂದ, ಇನ್ನರ್ಧ ಮಲಗಿದವನ ಮೂಗಿನಿಂದಲೇ. ಒಂದು ರಾತ್ರಿಯಲ್ಲಿ ಮನುಷ್ಯ ಉಸಿರಿನಲ್ಲಿ, ಬೆವರಿನಲ್ಲಿ ಲೋಟದಷ್ಟು ನೀರು ಹೊರಬಿಡುತ್ತಾನೆ. ಹತ್ತಿಯ ದಪ್ಪ ಕ್ಯಾನ್ವಾಸ್ ಅದನ್ನು ಸ್ವಲ್ಪ ಸ್ವಲ್ಪವಾಗಿ ಹೊರಕ್ಕೆ ಕಳಿಸುತ್ತದೆ. ಈಗ ಎಲ್ಲೆಲ್ಲೂ ಕಾಣುವ ಪ್ಲಾಸ್ಟಿಕ್ ಟಾರ್ಪಾಲು ಹಾಗಲ್ಲ. ಬೆಳಗಿನ ಜಾವಕ್ಕೆ ಅದರ ಒಳಮೈಯಲ್ಲಿ ಹನಿಗಟ್ಟಿ ಹಾಸಿಗೆಯ ಮೇಲೆಯೇ ತೊಟ್ಟಿಕ್ಕುತ್ತದೆ. ಚಳಿಗೆ ಹೆದರಿ ಎಲ್ಲ ಸಂದುಗಳನ್ನೂ ಬಿಗಿದವನು ಹೀಗೆ ತನ್ನ ಉಸಿರಿನಿಂದ ತಾನೇ ನೆನೆಯುತ್ತಾನೆ. ಗಾಳಿ ಬೀಸುವ ಕಡೆ ಬಿಗಿಯಾಗಿ ಕಟ್ಟಿ, ಬುಡಕ್ಕೆ ಮೂಟೆ ಒತ್ತರಿಸಿ, ಎದುರು ಬದಿಯಲ್ಲಿ ಮೇಲುಗಡೆ ಗೇಣಗಲ ಕಂಡಿ ಬಿಡುವುದು ಲೇಸು. ಒಳಗೆ ನಾಲ್ಕು ಬೆರಳಿನಷ್ಟು ಅಂತರದಲ್ಲಿ ಹಳೆಯ ಸೀರೆಯೊಂದನ್ನು ಇಳಿಬಿಟ್ಟರೆ ನಡುವಿನ ಗಾಳಿಯೇ ಎರಡನೆಯ ಗೋಡೆ.

ತಂಗುವ ಜಾಗವೂ ಮುಖ್ಯ. ತಣ್ಣನೆಯ ಗಾಳಿ ಭಾರ. ರಾತ್ರಿ ಅದು ನೀರಿನಂತೆ ತಗ್ಗಿಗೆ ಇಳಿದು ಕೆರೆಯಂಗಳದಲ್ಲಿ ನಿಲ್ಲುತ್ತದೆ. ದಿಬ್ಬದ ಮಗ್ಗುಲು, ಮರದ ನೆರಳು ಹೆಚ್ಚು ಬೆಚ್ಚಗೆ. ಇಬ್ಬನಿಯೂ ಅಲ್ಲಿ ಕಡಿಮೆ. ಮರವೆಂದರೆ ಹುಣಸೆಯೋ ಹೊಂಗೆಯೋ ಆಗಬೇಕು. ತೆಂಗಿನ ಬುಡದಲ್ಲಿ ಡೇರೆ ಹಾಕುವವನು ಈ ಸೀಮೆಯವನಲ್ಲವೆಂದು ಯಾರಾದರೂ ಹೇಳಿಯಾರು; ಕಾಯಿ, ಒಣಗರಿ ಹೇಳಿ ಕೇಳಿ ಬೀಳುವುದಿಲ್ಲ.

ಇಷ್ಟೆಲ್ಲ ಇದ್ದೂ ನಡುರಾತ್ರಿ ಚಳಿ ಕಚ್ಚಿದಾಗ ಕೈ ಹೋಗುವುದು ಬೆಂಕಿಯ ಕಡೆಗೆ. ತೆಂಗಿನ ನಾಡಿನಲ್ಲಿ ಬೆಂಕಿಗೆ ಬರವಿಲ್ಲ. ಸಿಪ್ಪೆ ನಿಧಾನವಾಗಿ ಹೊಗೆಯಾಡುತ್ತದೆ, ಚಿಪ್ಪು ಧಗಧಗನೆ ಉರಿದು ಕೆಂಡವಾಗುತ್ತದೆ. ಅಪಾಯ ಶುರುವಾಗುವುದು ಆ ಕೆಂಡದಲ್ಲಿ. ಹೊಗೆ ಇರುವತನಕ ಕಣ್ಣುರಿ, ಕೆಮ್ಮು ಮನುಷ್ಯನನ್ನು ಹೊರಕ್ಕೆ ಓಡಿಸುತ್ತವೆ. ಹೊಗೆ ನಿಂತು ಕೆಂಪಗೆ ಹೊಳೆಯುವ ಕೆಂಡವನ್ನು ಬಾಂಡಲಿಗೆ ತುಂಬಿ ‘ಇನ್ನೇನು ಭಯವಿಲ್ಲ’ ಎಂದು ಟಾರ್ಪಾಲಿನೊಳಗೆ ಇಟ್ಟುಕೊಂಡರೆ, ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು. ಮಲಗಿದವನಿಗೆ ಅದೂ ಗೊತ್ತಾಗದೆ ನಿದ್ದೆಯೇ ಮರಣವಾಗಬಹುದು. ಬಟ್ಟೆಯ ಗೋಡೆ ಗಾಳಿಯಾಡುತ್ತದೆಂಬ ಧೈರ್ಯ ಬೇಡ: ಇಬ್ಬನಿಗೆ ನೆನೆದ ಕ್ಯಾನ್ವಾಸಿನ ನೂಲು ಉಬ್ಬಿ ಸಂದುಗಳು ಮುಚ್ಚಿಕೊಳ್ಳುತ್ತವೆ, ಪ್ಲಾಸ್ಟಿಕ್ಕಿನಲ್ಲಂತೂ ಸಂದೇ ಇಲ್ಲ.

ಇದು ದೂರದ ಮಾತಲ್ಲ. ತಿಪಟೂರಿನ ಉಂಡೆ ಕೊಬ್ಬರಿಗೆ ಗಿರಾಕಿ ಉತ್ತರ ಭಾರತ. ಲೋಡು ಹೊತ್ತ ಲಾರಿಗಳು ಮಾಗಿಯಲ್ಲೂ ಅತ್ತ ಓಡುತ್ತವೆ. ಅಲ್ಲಿಯ ಚಳಿ ಇಲ್ಲಿಯದರ ಅಣ್ಣ, ಅಲ್ಲಿ ‘ಅಂಗೀಠಿ’ ಎಂಬ ಅಗ್ಗಿಷ್ಟಿಕೆ ಮನೆಮನೆಯ ವಸ್ತು. 2024ರ ಜನವರಿ 14ರಂದು ದೆಹಲಿಯಲ್ಲಿ ಎರಡು ಕಡೆ, ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟುಕೊಂಡು ಮಲಗಿದ್ದ ಒಟ್ಟು ಆರು ಮಂದಿ ಸತ್ತರು. ಅವರಲ್ಲಿ ಇಬ್ಬರು ಮಕ್ಕಳು. ಕಿಟಕಿ ಏರಿಸಿದ ಲಾರಿಯ ಕ್ಯಾಬಿನ್ನಿನೊಳಗೆ ಸ್ಟೌ ಹಚ್ಚಿದರೂ ಫಲ ಇದೇ. ನಿಂತ ಲಾರಿಯ ಎಂಜಿನ್ ಚಾಲೂ ಇಟ್ಟು ಮಲಗುವುದೂ ಕ್ಷೇಮವಲ್ಲ. ಚಳಿಗೆಂದು ಒಂದು ಗುಟುಕು ಹಾಕುವವರದು ಇನ್ನೊಂದು ತಪ್ಪು ಲೆಕ್ಕ. ಮದ್ಯ ಚರ್ಮಕ್ಕೆ ರಕ್ತ ನುಗ್ಗಿಸಿ ಬೆಚ್ಚಗಾದಂತೆ ತೋರಿಸಿ, ಮೈಯ ಒಳಗಿನ ಬಿಸಿಯನ್ನೇ ಹೊರಗೆ ಹಾಕುತ್ತದೆ.

ಬೆಂಕಿ ಬೇಕೇ ಬೇಕು, ಆದರೆ ಅದರ ಜಾಗ ಟಾರ್ಪಾಲಿನ ಹೊರಗೆ, ಗಾಳಿ ಒಳಕ್ಕೆ ಹೊಡೆಯದ ದಿಕ್ಕಿನಲ್ಲಿ. ಒಳಗೆ ಒಯ್ಯಬೇಕಾದದ್ದು ಕೆಂಡವಲ್ಲ, ಅದರ ಬಿಸಿ. ಚಿಪ್ಪಿನ ಉರಿಯಲ್ಲಿ ನೀರು ಕಾಯಿಸಿ ಗಟ್ಟಿ ಮುಚ್ಚಳದ ಸ್ಟೀಲ್ ಬಾಟಲಿಗೆ ತುಂಬಿ, ಟವೆಲ್ ಸುತ್ತಿ ಕಾಲಬುಡದಲ್ಲಿ ಕಂಬಳಿಯೊಳಗೆ ಇಟ್ಟರೆ ಬಹಳ ಹೊತ್ತು ಬಿಸಿ ನಿಲ್ಲುತ್ತದೆ. ಮಲಗುವ ಮುನ್ನ ಬಿಸಿ ಮುದ್ದೆ, ಸಾರು. ಹಗಲೆಲ್ಲ ಬೆವರಿದ ಅಂಗಿ ಬಿಚ್ಚಿ ಒಣ ಅಂಗಿ, ತಲೆಗೊಂದು ಮಫ್ಲರ್.

ಬೆಳಿಗ್ಗೆ ಯಾರಾದರೂ ಕರೆದರೆ ಏಳದೆ, ತಲೆ ಹಿಡಿದುಕೊಂಡು ತೊದಲುತ್ತಿದ್ದರೆ, ‘ಚಳಿಗೆ ಹಿಡಿದಿದೆ’ ಎಂದು ಇನ್ನೊಂದು ಕಂಬಳಿ ಹೊದಿಸಿ ಸುಮ್ಮನಾಗಬಾರದು. ಟಾರ್ಪಾಲು ಎತ್ತಿ ಹಾಕಿ ಹೊರಗಿನ ಗಾಳಿಗೆ ತಂದು, ತಡಮಾಡದೆ 108ಕ್ಕೆ ಫೋನ್ ಮಾಡಬೇಕು. ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು, ರಾತ್ರಿ ಒಳಗೆ ಕೆಂಡವಿತ್ತು ಎಂಬುದು.